ಒಂದೇ ಬಿಪಿ, ಬೇರೆ ಬೇರೆ ಆಯಸ್ಸು

ಕೇಳುಗರಿಗೆ ನಮಸ್ಕಾರ.

ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಯಿತು ಎಂಬ ಸುದ್ದಿ ಬಂದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸಿಗರೇಟ್ ಸೇದುತ್ತಿದ್ದರಾ? ಶುಗರ್ ಇತ್ತಾ? ಬಿಪಿ ಚೆಕ್ ಮಾಡಿಸಿರಲಿಲ್ವಾ? ಈ ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇನ್ನೂ ಕೆಲವು ಪ್ರಶ್ನೆಗಳಿವೆ, ಅವನ್ನು ಯಾರೂ ಕೇಳುವುದಿಲ್ಲ. ಏನು ಕೆಲಸ ಮಾಡುತ್ತಿದ್ದರು? ರಾತ್ರಿ ಪಾಳಿ ಇತ್ತಾ? ಎಲ್ಲಿಯವರೆಗೆ ಓದಿದ್ದರು? ಮನೆಯಲ್ಲಿ ಜೊತೆಗೆ ಯಾರಿದ್ದರು? ಆಸ್ಪತ್ರೆ ಎಷ್ಟು ದೂರ? ಹೃದಯದ ಮಟ್ಟಿಗೆ ಇವೂ ಬಿಪಿಯಷ್ಟೇ ಮುಖ್ಯವಾದ ಪ್ರಶ್ನೆಗಳು. ಇವತ್ತು ಇವುಗಳ ಬಗ್ಗೆಯೇ ಮಾತಾಡೋಣ ಅಂದುಕೊಂಡಿದ್ದೇನೆ.

ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 79 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ವರ್ಷದ ಒಟ್ಟು ಸಾವುಗಳಲ್ಲಿ ಇದು 32 ಶೇಕಡಾ. ಈ ಕಾಯಿಲೆಯಿಂದ ಆಗುವ ಸಾವುಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆಗುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹೃದಯದ ಕಾಯಿಲೆ ಅಂದರೆ ಉಳ್ಳವರ ಕಾಯಿಲೆ ಅನ್ನುವ ಮಾತು ಹಿಂದೆ ಚಾಲ್ತಿಯಲ್ಲಿತ್ತು. ಆ ಮಾತನ್ನು ಈಗ ಬಿಟ್ಟುಬಿಡುವುದೇ ಸರಿ.

ಹೃದಯ ಎಷ್ಟು ಚೆನ್ನಾಗಿದೆ ಎಂದು ಅಳೆಯಲು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲಿ ಏಳು ಅಂಶಗಳ ಒಂದು ಪಟ್ಟಿ ಮಾಡಿತು. 2022ರಲ್ಲಿ ನಿದ್ದೆಯನ್ನೂ ಸೇರಿಸಿ ಎಂಟು ಮಾಡಿತು. ಊಟ, ವ್ಯಾಯಾಮ, ತಂಬಾಕು, ನಿದ್ದೆ, ತೂಕ, ಕೊಲೆಸ್ಟ್ರಾಲ್, ಶುಗರ್, ಬಿಪಿ. ಒಟ್ಟು ನೂರು ಅಂಕ. 80 ದಾಟಿದರೆ ಚೆನ್ನಾಗಿದೆ, 50ಕ್ಕಿಂತ ಕಡಿಮೆಯಾದರೆ ಚೆನ್ನಾಗಿಲ್ಲ. ಅಂಕ ಹೆಚ್ಚಿದ್ದವರು ಜಾಸ್ತಿ ಕಾಲ ಬದುಕುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಪಟ್ಟಿ ಒಳ್ಳೆಯದೇ. ಆದರೆ ಅದರಲ್ಲಿರುವ ಒಂದೇ ಒಂದು ಅಂಶವನ್ನು ಹತ್ತಿರದಿಂದ ನೋಡೋಣ. ನಿದ್ದೆಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಅನ್ನುತ್ತದೆ ಪಟ್ಟಿ. ಒಬ್ಬ ಕಾವಲುಗಾರ ಇದ್ದಾನೆ ಅಂದುಕೊಳ್ಳಿ. ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಮಲಗುತ್ತಾನೆ. ಇರುವುದು ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಮಕ್ಕಳ ಓಡಾಟ, ಕಿಟಕಿ ಆಚೆ ಲಾರಿಗಳ ಸದ್ದು. ನಾಲ್ಕು ಗಂಟೆ ಮಲಗಿದರೆ ಅದೇ ಹೆಚ್ಚು, ಅದೂ ಮೂರು ಸಲ ಎಚ್ಚರವಾಗಿ. ಇವನಿಗೆ "ಚೆನ್ನಾಗಿ ನಿದ್ದೆ ಮಾಡಿ" ಎಂದು ಹೇಳಿ ಕಳಿಸಿದರೆ ಅವನೇನು ಮಾಡಬೇಕು ಹೇಳಿ? ನಿದ್ದೆಗೆಡುವುದನ್ನು ಅವನು ಆರಿಸಿಕೊಂಡಿದ್ದಲ್ಲ. ಕೆಲಸ ಮತ್ತು ಮನೆ ಸೇರಿ ಅವನ ಪರವಾಗಿ ಆರಿಸಿಬಿಟ್ಟಿವೆ. ಊಟ, ವ್ಯಾಯಾಮ, ತೂಕ ಎಲ್ಲಕ್ಕೂ ಇದೇ ಮಾತು ಬೇರೆ ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಅದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಕಷ್ಟದ ಬದುಕಿನಿಂದ ಅಂಕ ಇಳಿಯುತ್ತದೆ, ಅಂಕ ಇಳಿದರೆ ಆಯಸ್ಸು ಇಳಿಯುತ್ತದೆ, ಮುಗಿಯಿತು ಅನ್ನಬಹುದಿತ್ತು. ಆದರೆ ಬಿಪಿ, ಕೊಲೆಸ್ಟ್ರಾಲ್ ಎಲ್ಲ ಒಂದೇ ಇರುವ ಇಬ್ಬರಲ್ಲೂ ಸಾವಿನ ಅಪಾಯ ಒಂದೇ ಇರುವುದಿಲ್ಲ. ಇದು ಮೊದಲು ಸ್ಪಷ್ಟವಾಗಿ ಕಂಡಿದ್ದು ಲಂಡನ್ನಿನಲ್ಲಿ.

1967ರಲ್ಲಿ ಅಲ್ಲಿನ ಸರ್ಕಾರಿ ನೌಕರರ ಮೇಲೆ ಒಂದು ಅಧ್ಯಯನ ಶುರುವಾಯಿತು. ಸರ್ಕಾರಿ ಕಚೇರಿಗಳಿರುವ ಬೀದಿಯ ಹೆಸರೇ ಅದಕ್ಕೂ ಬಂತು, ವೈಟ್‌ಹಾಲ್ ಅಧ್ಯಯನ. ಸುಮಾರು 17,500 ಗಂಡಸರು, ಎಲ್ಲರಿಗೂ ನಲವತ್ತು ದಾಟಿದ ವಯಸ್ಸು. ಇವರಲ್ಲಿ ಯಾರೂ ಕಡುಬಡವರಲ್ಲ. ಎಲ್ಲರಿಗೂ ತಿಂಗಳ ಸಂಬಳ, ಕಚೇರಿ ಕೆಲಸ. ಬ್ರಿಟನ್ನಿನಲ್ಲಿ 1948ರಿಂದಲೇ ಎಲ್ಲರಿಗೂ ಸರ್ಕಾರಿ ಚಿಕಿತ್ಸೆ ಸಿಗುತ್ತಿತ್ತು, ಹಾಗಾಗಿ ವೈದ್ಯರ ಬಳಿ ಹೋಗಲು ದುಡ್ಡಿರಲಿಲ್ಲ ಎನ್ನುವಂತಿಲ್ಲ. ಆದರೂ ಹತ್ತು ವರ್ಷದ ಲೆಕ್ಕ ತೆಗೆದಾಗ ಏನಾಗಿತ್ತು ಗೊತ್ತಾ? ಎಲ್ಲರಿಗಿಂತ ಕೆಳಗಿನ ದರ್ಜೆಯ ನೌಕರರ ಸಾವಿನ ಪ್ರಮಾಣ ಎಲ್ಲರಿಗಿಂತ ಮೇಲಿನ ಅಧಿಕಾರಿಗಳದಕ್ಕಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಹೃದಯದ ಕಾಯಿಲೆಯ ಸಾವುಗಳಲ್ಲೂ ಇದೇ ಅಂತರ.

ಕೆಳಗಿನವರು ಜಾಸ್ತಿ ಸಿಗರೇಟ್ ಸೇದುತ್ತಿದ್ದರು, ನಿಜ. ಆದರೆ ಸಿಗರೇಟ್ ಮುಟ್ಟದವರಲ್ಲೂ ಅಂತರ ಹಾಗೇ ಇತ್ತು. ಸಿಗರೇಟ್, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಸುಮಾರು ಮೂರನೇ ಒಂದು ಭಾಗಕ್ಕಷ್ಟೇ ಕಾರಣ ಸಿಕ್ಕಿತು. ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. ಮೇಲಿನಿಂದ ಎರಡನೇ ಮೆಟ್ಟಿಲಲ್ಲಿದ್ದವರು, ಅಂದರೆ ಒಳ್ಳೆಯ ಸಂಬಳದ ಓದಿದ ಅಧಿಕಾರಿಗಳು, ಅವರೂ ತಮ್ಮ ಮೇಲಿನವರಿಗಿಂತ ಬೇಗ ಸಾಯುತ್ತಿದ್ದರು. ಒಂದೊಂದು ಮೆಟ್ಟಿಲು ಇಳಿದ ಹಾಗೂ ಅಪಾಯ ಏರುತ್ತಿತ್ತು. ಅಂದಮೇಲೆ ಇದು ಬಡವರ ಸಮಸ್ಯೆ, ನಮಗೆ ಸಂಬಂಧವಿಲ್ಲ ಎಂದು ನಡುವಿನಲ್ಲಿರುವವರು ಸುಮ್ಮನಿರುವಂತಿಲ್ಲ, ಅಲ್ವಾ?

ಈ ಅಧ್ಯಯನವನ್ನು ಮುಂದೆ ನಡೆಸಿದವರು ಮೈಕಲ್ ಮಾರ್ಮಟ್. 1985ರಲ್ಲಿ ಎರಡನೇ ಸುತ್ತು ಶುರುವಾಯಿತು. ಈ ಸಲ ಹೆಂಗಸರೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಿಗೆ ಹೃದಯದ ಕಾಯಿಲೆ ಜಾಸ್ತಿ ಎಂಬುದು ಆಗ ತಿಳಿಯಿತು. ಯಾವಾಗ ಏಳಬೇಕು, ಯಾವ ಕೆಲಸ ಮೊದಲು, ಹೇಗೆ ಮಾಡಬೇಕು, ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುವ ಕೆಲಸ. ದುಡಿಮೆ ಜಾಸ್ತಿ, ಮಾತಿಗೆ ಬೆಲೆ ಕಡಿಮೆ.

ಮನಸ್ಸಿನ ಒತ್ತಡ ರಕ್ತನಾಳಕ್ಕೆ ಇಳಿಯುವುದು ಹೇಗೆ? ಗಾಬರಿಯಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಎದೆ ಬಡಿತ ಜೋರಾಗುತ್ತದೆ, ಬಿಪಿ ಏರುತ್ತದೆ, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹತ್ತು ನಿಮಿಷದ ಅಪಾಯಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಬಾಡಿಗೆ ಕಟ್ಟುವ ಚಿಂತೆ, ಕೆಲಸ ಹೋಗುವ ಭಯ, ಮೇಲಿನವರ ಬೈಗುಳ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ವರ್ಷಗಟ್ಟಲೆ ಇರುತ್ತವೆ. ಆಗ ಏರಿದ ಬಿಪಿ ಇಳಿಯದೆ ಉಳಿಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತನಾಳದ ಒಳಪದರ ಸಣ್ಣ ಉರಿಯೂತದಲ್ಲೇ ಇರುತ್ತದೆ. ಕೊಲೆಸ್ಟ್ರಾಲ್ ಕೂರುವುದು ಅಂಥ ಜಾಗದಲ್ಲೇ.

ಇದಕ್ಕೆ ಕೋತಿಗಳಿಂದಲೂ ಸಾಕ್ಷಿ ಸಿಕ್ಕಿದೆ. ಗುಂಪಿನಲ್ಲಿ ಸಾಕಿದ ಹೆಣ್ಣು ಮಕಾಕ್ ಕೋತಿಗಳು, ಎಲ್ಲಕ್ಕೂ ಒಂದೇ ಆಹಾರ. ಸಿಗರೇಟ್ ಇಲ್ಲ, ಸಂಬಳದ ಚಿಂತೆ ಇಲ್ಲ. ಆದರೂ ಗುಂಪಿನಲ್ಲಿ ಕೆಳಗಿನ ಸ್ಥಾನದಲ್ಲಿದ್ದ ಕೋತಿಗಳ ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಜಾಸ್ತಿ ಕಟ್ಟಿತ್ತು. ಅವು ಜಾಸ್ತಿ ಹೊತ್ತು ಒಂಟಿಯಾಗಿ ಕೂರುತ್ತಿದ್ದವು. ಜೊತೆಯ ಕೋತಿಗಳು ಅವುಗಳ ಮೈ ಸವರಿ ಹೇನು ಹೆಕ್ಕುವುದೂ ಕಡಿಮೆಯೇ.

ಒಂಟಿತನದ ವಿಷಯ ಬಂದಿದ್ದರಿಂದ ಇದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ 1965ರಿಂದ ಒಂಬತ್ತು ವರ್ಷ ಸುಮಾರು ಏಳು ಸಾವಿರ ಜನರನ್ನು ಗಮನಿಸಿದರು. ಸಂಗಾತಿ, ಗೆಳೆಯರು, ನೆಂಟರು, ಸಂಘಸಂಸ್ಥೆ ಯಾವುದರ ನಂಟೂ ಇಲ್ಲದವರಲ್ಲಿ ಸಾವಿನ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮನೆಯಲ್ಲಿ ಇನ್ನೊಬ್ಬರಿದ್ದರೆ "ಯಾಕೆ ಬೆವರ್ತಿದ್ದೀಯಾ, ಎದೆ ನೋವಾ, ನಡಿ ಆಸ್ಪತ್ರೆಗೆ" ಎಂದು ಎಬ್ಬಿಸಿ ಕರೆದುಕೊಂಡು ಹೋಗುತ್ತಾರೆ. ಒಬ್ಬರೇ ಇದ್ದವರು ಗ್ಯಾಸ್ ಇರಬೇಕು ಎಂದು ಬೆಳಗಿನವರೆಗೆ ಕಾಯುತ್ತಾರೆ. ಹಾರ್ಟ್ ಅಟ್ಯಾಕ್‌ನಲ್ಲಿ ಆ ಕಾಯುವಿಕೆಯೇ ಹೃದಯದ ಸ್ನಾಯುವನ್ನು ಸಾಯಿಸುತ್ತದೆ.

ಇನ್ನು ಚಿಕಿತ್ಸೆಯ ಮಾತು. ಪ್ಯೂರ್ ಎಂಬ ದೊಡ್ಡ ಅಧ್ಯಯನ 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2014ರಲ್ಲಿ ಒಂದು ವಿಚಿತ್ರವಾದ ಫಲಿತಾಂಶ ಕೊಟ್ಟಿತು. ಬಿಪಿ, ಶುಗರ್‌ನಂಥ ಅಪಾಯದ ಅಂಶಗಳ ಒಟ್ಟು ಹೊರೆ ಶ್ರೀಮಂತ ದೇಶಗಳಲ್ಲೇ ಜಾಸ್ತಿ ಇತ್ತು, ಬಡ ದೇಶಗಳಲ್ಲಿ ಕಡಿಮೆ ಇತ್ತು. ಆದರೆ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತವರು ಬಡ ದೇಶದವರು. ಶ್ರೀಮಂತ ದೇಶದವನ ಬಿಪಿಯನ್ನು ಯಾರೋ ಕಂಡುಹಿಡಿದಿರುತ್ತಾರೆ, ಮಾತ್ರೆ ಸಿಗುತ್ತದೆ, ಆಂಬುಲೆನ್ಸ್ ಬರುತ್ತದೆ. ಜಗತ್ತಿನಲ್ಲಿ ಬಿಪಿ ಇರುವ ವಯಸ್ಕರಲ್ಲಿ ಸುಮಾರು 46 ಶೇಕಡಾ ಜನರಿಗೆ ತಮಗೆ ಅದು ಇದೆ ಎಂದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತ್ತು. ಗೊತ್ತಾದವರ ಕಥೆಯೂ ಸುಲಭವಲ್ಲ. ಹದಿನೈದು ಮಾತ್ರೆಯ ಒಂದು ಶೀಟ್ ತಿಂಗಳಿಡೀ ಬರಲಿ ಎಂದು ದಿನ ಬಿಟ್ಟು ದಿನ ನುಂಗುವವರಿದ್ದಾರೆ. ಅರ್ಧ ಮುರಿದು ಉಳಿದರ್ಧ ಕಾಗದದಲ್ಲಿ ಸುತ್ತಿಡುವವರಿದ್ದಾರೆ. ಚೀಟಿಯಲ್ಲಿ ದಿನಕ್ಕೊಂದು ಎಂದೇ ಇರುತ್ತದೆ. ಮುಂದಿನ ಸಲ ಬಿಪಿ ಇಳಿದಿಲ್ಲ ಎಂದು ವೈದ್ಯರು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ನಿಜಕ್ಕೂ ಬೇಕಿದ್ದದ್ದು ಹೊಸ ಮಾತ್ರೆ ಅಲ್ಲ, ಹಳೆಯದನ್ನೇ ದಿನವೂ ತೆಗೆದುಕೊಳ್ಳುವ ಅನುಕೂಲ.

ಹಾಗಂತ ಸಿಗರೇಟ್ ಬಿಟ್ಟು ಏನು ಪ್ರಯೋಜನ ಎಂದು ಯಾರೂ ಕೈಚೆಲ್ಲಬಾರದು. ಕಷ್ಟದಲ್ಲಿರುವವರಿಗೂ ಬಿಪಿ ಇಳಿದರೆ, ತಂಬಾಕು ಬಿಟ್ಟರೆ ಅಪಾಯ ಖಂಡಿತ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡಿದ ಅಧ್ಯಯನಗಳಲ್ಲಿ ಬದುಕೂ ಕಷ್ಟ, ಹೃದಯದ ಅಂಕವೂ ಕಡಿಮೆ ಇದ್ದವರಿಗೇ ಸಾವಿನ ಅಪಾಯ ಎಲ್ಲರಿಗಿಂತ ಜಾಸ್ತಿ.

ಬದಲಾಯಿಸಲು ಆಗುತ್ತದೆಯೇ? ಆಗಿದೆ. ಫಿನ್ಲೆಂಡಿನ ಪೂರ್ವ ಭಾಗದಲ್ಲಿ ನಾರ್ತ್ ಕರೇಲಿಯಾ ಎಂಬ ಪ್ರಾಂತ್ಯವಿದೆ. ಹೈನುಗಾರಿಕೆಯೇ ಅಲ್ಲಿನ ಜೀವನ, ಊಟದಲ್ಲಿ ಬೆಣ್ಣೆಯೇ ಬೆಣ್ಣೆ. 1970ರ ಹೊತ್ತಿಗೆ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಜಗತ್ತಿನಲ್ಲೇ ಅತಿ ಹೆಚ್ಚಿದ್ದ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಕೆಲಸ ಶುರುವಾಯಿತು, ನಡೆಸಿದವರು ಯುವ ವೈದ್ಯ ಪೆಕ್ಕಾ ಪುಸ್ಕಾ. ಅವರು ರೋಗಿಗಳಿಗೆ ಬುದ್ಧಿ ಹೇಳುವುದಕ್ಕೇ ನಿಲ್ಲಲಿಲ್ಲ. ಮಹಿಳಾ ಸಂಘಗಳ ಜೊತೆ ಸೇರಿ ಅಡುಗೆಯ ರೀತಿ ಬದಲಿಸಿದರು, ಆಹಾರ ತಯಾರಕರ ಜೊತೆ ಮಾತಾಡಿ ಕೊಬ್ಬು, ಉಪ್ಪು ಕಡಿಮೆ ಮಾಡಿಸಿದರು. ಬೆಣ್ಣೆ ಕಡಿಮೆಯಾದರೆ ಹೈನುಗಾರರ ಹೊಟ್ಟೆಪಾಡು ಏನು? ಅದಕ್ಕೂ ಯೋಚಿಸಿ ಬೆರ್ರಿ ಹಣ್ಣು ಬೆಳೆಯಲು ನೆರವು ಕೊಡಿಸಿದರು. ಈ ಕಾಳಜಿ ನನಗೆ ತುಂಬಾ ಇಷ್ಟವಾಯಿತು. ಸುಮಾರು ಮೂವತ್ತೈದು ವರ್ಷಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು 80 ಶೇಕಡಾಗಿಂತ ಹೆಚ್ಚು ಇಳಿಯಿತು.

ಅಷ್ಟು ದೊಡ್ಡ ಕೆಲಸ ಎಲ್ಲ ಕಡೆ ನಾಳೆಯೇ ಆಗದಿರಬಹುದು. ಆದರೆ ವೈದ್ಯರ ಕೋಣೆಯಲ್ಲಿ ಮೂರು ಪ್ರಶ್ನೆ ಕೇಳುವುದು ನಾಳೆಯೇ ಆಗುತ್ತದೆ. ಕೆಲಸ ಯಾವ ಹೊತ್ತಿನದು? ಮಾತ್ರೆ ತಿಂಗಳಿಡೀ ತರಲು ಆಗುತ್ತಾ? ರಾತ್ರಿ ಎದೆ ನೋವು ಬಂದರೆ ಕೂಗಿಗೆ ಯಾರು ಬರುತ್ತಾರೆ? ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಮಾತ್ರೆ ಬಿಟ್ಟು ಬಿಟ್ಟು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಡಿಮೆ ಬೆಲೆಯ ಅದೇ ಔಷಧಿ ಇದ್ದರೆ ಅವರು ಬರೆದುಕೊಡಬಹುದು, ಎರಡು ಔಷಧಿ ಸೇರಿರುವ ಒಂದೇ ಮಾತ್ರೆ ಇದ್ದರೆ ಅದನ್ನು ಕೊಡಬಹುದು, ನಿಮ್ಮ ಪಾಳಿಗೆ ಹೊಂದುವ ಹೊತ್ತು ಗೊತ್ತು ಮಾಡಬಹುದು.

ನಮಸ್ಕಾರ.