ಕ್ಯಾಮೆರಾಗೆ ಬೆನ್ನು ಕೊಟ್ಟ ನಟ: ಪಾಲ್ ಮೆಸ್ಕಲ್ ಕುರಿತು

ಎಲ್ಲರಿಗೂ ನಮಸ್ಕಾರ.

2020ರ ಫೆಬ್ರವರಿಯಲ್ಲಿ ಡಬ್ಲಿನ್‌ನ ಗೇಯ್ಟಿ ಥಿಯೇಟರಿಗೆ ಹೋದವರು ವೇದಿಕೆಯ ಮೇಲೆ ಪಾಡ್ರಿಕ್ ಎಂಬ ಉಗ್ರನನ್ನು ನೋಡಿರುತ್ತಾರೆ. ಮನುಷ್ಯರನ್ನು ಕೊಲ್ಲಲು ಹಿಂದೆ ಮುಂದೆ ನೋಡದವನು. ಆದರೆ ತನ್ನ ಬೆಕ್ಕಿಗೆ ಹುಷಾರಿಲ್ಲ ಅಂದರೆ ಗೊಳೋ ಎನ್ನುವವನು. ಮಾರ್ಟಿನ್ ಮ್ಯಾಕ್‌ಡೊನಾ ಬರೆದ 'ದಿ ಲೆಫ್ಟಿನೆಂಟ್ ಆಫ್ ಇನಿಶ್‌ಮೋರ್' ಎಂಬ, ರಕ್ತ ಚೆಲ್ಲಾಡುವ ಹಾಸ್ಯ ನಾಟಕ ಅದು. ಪಾಡ್ರಿಕ್ ಆಗಿದ್ದವರು 24 ವರ್ಷದ ಪಾಲ್ ಮೆಸ್ಕಲ್.

ಮಾರ್ಚ್‌ನಲ್ಲಿ ಕೋವಿಡ್ ಬಂತು. ಐರ್ಲೆಂಡಿನ ರಂಗಮಂದಿರಗಳೆಲ್ಲ ಬಾಗಿಲು ಹಾಕಿದವು. ಏಪ್ರಿಲ್ ಕೊನೆಯಲ್ಲಿ ಬಿಬಿಸಿಯಲ್ಲಿ 'ನಾರ್ಮಲ್ ಪೀಪಲ್' ಎಂಬ 12 ಕಂತುಗಳ ಸರಣಿ ಶುರುವಾಯಿತು. ಜನ ಮನೆಯಲ್ಲೇ ಕೂತಿದ್ದ ಕಾಲ, ನಿಮಗೆ ನೆನಪಿದೆ ಅಲ್ವಾ? ಅದರಲ್ಲಿ ಅದೇ ಮೆಸ್ಕಲ್. ಈ ಸಲ ಕಾನಲ್ ಎಂಬ ಹುಡುಗ. ಪ್ರೀತಿಸಿದವಳ ಮುಂದೆ ಒಂದು ಮಾತು ಆಡಬೇಕಾದರೂ ಒದ್ದಾಡುವವನು. ಕೆಲವೇ ವಾರಗಳಲ್ಲಿ ಮೆಸ್ಕಲ್ ಹೆಸರು ಎಲ್ಲ ಕಡೆ ಕೇಳಿಬಂತು. 'ರಾತ್ರೋರಾತ್ರಿ ತಾರೆಯಾದ ಹುಡುಗ' ಎಂಬ ಕಥೆ ಹುಟ್ಟಿಕೊಂಡಿತು.

ನನಗೆ ಆ ಕಥೆಯ ಜೊತೆ ಜಗಳವಿದೆ. ಪಾಡ್ರಿಕ್ ಮತ್ತು ಕಾನಲ್, ಇಬ್ಬರೂ ಒಬ್ಬನೇ ನಟನಿಂದ ಬಂದವರು. ರಂಗಭೂಮಿ ಎಂದರೆ ಜೋರು ದನಿ, ದೊಡ್ಡ ಅಭಿನಯ. ಸಿನಿಮಾಕ್ಕೆ ಹೋದರೆ ಅದನ್ನೆಲ್ಲ ಮರೆಯಬೇಕು ಎಂದು ನಾವು ಹೇಳುತ್ತಾ ಬಂದಿದ್ದೇವೆ. ಮೆಸ್ಕಲ್ ಏನನ್ನೂ ಮರೆತಂತೆ ಕಾಣುವುದಿಲ್ಲ. ತೆರೆಯ ಮೇಲಿನ ಅವರ ಮೌನ ರಂಗದಲ್ಲೇ ಹದವಾದದ್ದು ಎನ್ನುವುದು ನನ್ನ ವಾದ.

ಅವರು ಹುಟ್ಟಿದ್ದು 1996ರ ಫೆಬ್ರವರಿ 2ರಂದು. ಊರು ಡಬ್ಲಿನ್‌ಗೆ ಹತ್ತಿರದ ಕಿಲ್ಡೇರ್ ಕೌಂಟಿಯ ಮೇನೂತ್. ತಾಯಿ ಪೊಲೀಸ್ ಇಲಾಖೆಯಲ್ಲಿದ್ದವರು. ತಂದೆ ಮೇಷ್ಟ್ರು, ಜೊತೆಗೆ ನಾಟಕದ ಗೀಳು. ಮೂವರು ಮಕ್ಕಳಲ್ಲಿ ಇವರೇ ದೊಡ್ಡವರು. ಮನೆಯಲ್ಲಿ ನಾಟಕ ಇತ್ತು, ಆದರೆ ಹುಡುಗನ ಕಣ್ಣೆಲ್ಲ ಮೈದಾನದ ಮೇಲೆ. ಗೇಲಿಕ್ ಫುಟ್‌ಬಾಲ್ ಐರ್ಲೆಂಡಿನವರ ಸ್ವಂತ ಆಟ. ಒಂದು ಕಡೆಗೆ 15 ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಮೈಗೆ ಮೈ ತಾಗಿಸಿ ಆಡುವ ಆಟ. ಇದರಲ್ಲಿ ಒಂದು ವಿಶೇಷ ಇದೆ. ಕೌಂಟಿ ತಂಡಕ್ಕೆ ಆಡಿದರೂ ಸಂಬಳವಿಲ್ಲ. ಪಂದ್ಯಕ್ಕೆ ಸಾವಿರಾರು ಜನ ಬರುತ್ತಾರೆ, ಆಡಿದವರು ಸೋಮವಾರ ಬೆಳಿಗ್ಗೆ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮೆಸ್ಕಲ್ ಕಿಲ್ಡೇರ್‌ನ ಕಿರಿಯರ ತಂಡಗಳಲ್ಲಿ ರಕ್ಷಣಾ ಆಟಗಾರರಾಗಿದ್ದರು. ದವಡೆಗೆ ಪೆಟ್ಟು ಬಿದ್ದ ಮೇಲೆ ಆಟ ಬಿಟ್ಟರು.

ಅಷ್ಟರಲ್ಲಿ ಇನ್ನೊಂದು ಹುಚ್ಚು ಹಿಡಿದಿತ್ತು. ಹದಿನಾರರ ವಯಸ್ಸಿನಲ್ಲಿ ಶಾಲೆಯ ಸಂಗೀತ ನಾಟಕ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ದಲ್ಲಿ ಅವರೇ ಫ್ಯಾಂಟಮ್. ಮುಖವಾಡ ಹಾಕಿಕೊಂಡು ಹಾಡಬೇಕಾದ ಪಾತ್ರ. ಶಾಲೆ ಮುಗಿದ ಮೇಲೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ ಲಿರ್ ಅಕಾಡೆಮಿಗೆ ಹೋದರು. 2011ರಲ್ಲಿ ಶುರುವಾದ, ಮೂರು ವರ್ಷದ ನಟನಾ ಪದವಿ ಕೊಡುವ ಸಂಸ್ಥೆ ಅದು. 2017ರಲ್ಲಿ ಪದವಿ ಮುಗಿಯಿತು.

ಅದೇ ವರ್ಷ ಡಬ್ಲಿನ್‌ನ ಗೇಟ್ ಥಿಯೇಟರ್ ಅವರನ್ನು ಕರೆಯಿತು. ಗೇಟ್ ಸಣ್ಣ ಹೆಸರಲ್ಲ. 1928ರಲ್ಲಿ ಹುಟ್ಟಿದ್ದು. 1931ರಲ್ಲಿ ಅಮೆರಿಕದಿಂದ ಬಂದ ಹದಿನಾರರ ಪೋರ, ಮುಂದೆ ಸಿನಿಮಾ ನಿರ್ದೇಶಕನಾಗಿ ಹೆಸರಾದ ಆರ್ಸನ್ ವೆಲ್ಸ್‌ಗೂ ಇಲ್ಲೇ ಪಾತ್ರ ಸಿಕ್ಕಿತ್ತು. ಇಲ್ಲಿ ಮೆಸ್ಕಲ್‌ಗೆ ಸಿಕ್ಕಿದ್ದು ಜೇ ಗ್ಯಾಟ್ಸ್‌ಬಿ. ಈ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಪ್ರಯೋಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪ್ರೇಕ್ಷಕರು ಸುಮ್ನೆ ಕುರ್ಚಿಯಲ್ಲಿ ಕೂತು ನೋಡುವ ನಾಟಕ ಅಲ್ಲ ಇದು. ರಂಗಮಂದಿರವೇ ಗ್ಯಾಟ್ಸ್‌ಬಿಯ ಮನೆ, ನೋಡಲು ಬಂದವರೆಲ್ಲ ಅವನ ಪಾರ್ಟಿಗೆ ಬಂದ ಅತಿಥಿಗಳು. ಅವರು ನಟರ ನಡುವೆಯೇ ಓಡಾಡುತ್ತಾರೆ. ಒಂದು ಮೊಳ ದೂರದಲ್ಲಿ ನಿಂತು ನಿಮ್ಮ ಕಣ್ಣನ್ನೇ ನೋಡುವ ಪ್ರೇಕ್ಷಕನ ಮುಂದೆ ಸುಳ್ಳು ನಡೆಯುವುದಿಲ್ಲ. ಕೂಗುವ ಅಗತ್ಯವೂ ಇಲ್ಲ. ಕ್ಯಾಮೆರಾ ಮಾಡುವುದೂ ಇದನ್ನೇ ಅಲ್ವಾ? ಕ್ಲೋಸಪ್‌ನ ಪಾಠ ಅವರಿಗೆ ಅಲ್ಲೇ ಆಗಿಹೋಗಿತ್ತು ಎಂದು ನನಗನ್ನಿಸುತ್ತದೆ.

ಮುಂದಿನ ಎರಡು ವರ್ಷ ಪೂರ್ತಿ ನಾಟಕ. ಗೇಟ್‌ನಲ್ಲೇ 'ದಿ ರೆಡ್ ಶೂಸ್', ರಫ್ ಮ್ಯಾಜಿಕ್ ತಂಡದ ಜೊತೆ ಶೇಕ್ಸ್‌ಪಿಯರ್ ಮತ್ತು ಜಾಯ್ಸ್, ಲಂಡನ್‌ನಲ್ಲಿ ಓಕೇಸಿಯ 'ದಿ ಪ್ಲೌ ಅಂಡ್ ದಿ ಸ್ಟಾರ್ಸ್'. ಮಧ್ಯೆ ಒಂದು ಸಾಸೇಜ್ ಕಂಪನಿಯ ಟಿವಿ ಜಾಹೀರಾತು ಕೂಡ. ಹೆಸರು ಬಂದ ಮೇಲೆ ಜನ ಅದನ್ನು ಹುಡುಕಿ ತೆಗೆದು ನಕ್ಕರು. ನಗಲಿ ಬಿಡಿ. ನಟನೂ ಮನೆ ಬಾಡಿಗೆ ಕಟ್ಟಬೇಕು.

ಈಗ 'ನಾರ್ಮಲ್ ಪೀಪಲ್'ಗೆ ಬರೋಣ. ಸ್ಯಾಲಿ ರೂನಿಯ 2018ರ ಕಾದಂಬರಿ ಅದರ ಮೂಲ. ನಿರ್ದೇಶಕರು ಲೆನಿ ಅಬ್ರಹಾಮ್‌ಸನ್ ಮತ್ತು ಹೆಟ್ಟಿ ಮ್ಯಾಕ್‌ಡೊನಾಲ್ಡ್. ಪಶ್ಚಿಮ ಐರ್ಲೆಂಡಿನ ಸ್ಲೈಗೋ ಕಡೆಯ ಒಂದು ಸಣ್ಣ ಊರು. ಕಾನಲ್ ಶಾಲೆಯಲ್ಲಿ ಎಲ್ಲರಿಗೂ ಬೇಕಾದ ಫುಟ್‌ಬಾಲ್ ಹುಡುಗ. ಅವನ ತಾಯಿ ಮೇರಿಯನ್‌ಳ ಮನೆಯಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾಳೆ. ಮೇರಿಯನ್ ಪಾತ್ರದಲ್ಲಿ ಡೇಸಿ ಎಡ್ಗರ್-ಜೋನ್ಸ್. ಇಬ್ಬರೂ ಪ್ರೀತಿಸುತ್ತಾರೆ, ಆದರೆ ಕಾನಲ್ ಅದನ್ನು ಗೆಳೆಯರಿಂದ ಮುಚ್ಚಿಡುತ್ತಾನೆ. ಹೇಳಬೇಕಾದ ಹೊತ್ತಿಗೆ ಹೇಳದೇ ಹೋಗುವುದರಿಂದಲೇ ಕಥೆ ಬೆಳೆಯುತ್ತದೆ.

ಇದರ ಆಪ್ತ ದೃಶ್ಯಗಳ ಬಗ್ಗೆ ಆಗ ಮಾತು ಜಾಸ್ತಿ ಆಯಿತು, ಕೆಲಸದ ಬಗ್ಗೆ ಕಡಿಮೆ. ಇಟಾ ಓ'ಬ್ರಯನ್ ಎಂಬುವರು ಇಂಟಿಮಸಿ ಕೋಆರ್ಡಿನೇಟರ್ ಆಗಿದ್ದರು. ಅಂಥ ದೃಶ್ಯದಲ್ಲಿ ಯಾರ ಕೈ ಎಲ್ಲಿ, ಯಾವುದಕ್ಕೆ ಒಪ್ಪಿಗೆ ಇದೆ, ಯಾವುದಕ್ಕೆ ಇಲ್ಲ ಎಂದು ಮೊದಲೇ ಕೂತು ಮಾತಾಡಿ, ನೃತ್ಯ ಕಟ್ಟಿದ ಹಾಗೆ ಹಂತ ಹಂತವಾಗಿ ಕಟ್ಟುವ ಕೆಲಸ ಅವರದು. ನೋಡುವವರಿಗೆ ಸಹಜ ಅನ್ನಿಸಿದ್ದರ ಹಿಂದೆ ತಾಲೀಮು ಇತ್ತು. ರಂಗದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 10ನೇ ಕಂತು. ಗೆಳೆಯನೊಬ್ಬ ಆತ್ಮಹತ್ಯೆ ಮಾಡಿಕೊಂಡ ಮೇಲೆ ಕಾನಲ್ ಖಿನ್ನತೆಗೆ ಬೀಳುತ್ತಾನೆ, ಆಪ್ತ ಸಲಹೆಗಾರ್ತಿಯ ಮುಂದೆ ಕೂರುತ್ತಾನೆ. ಒಂದು ಕುರ್ಚಿ, ಒಂದು ಮುಖ. ಮೊದಲು ಉತ್ತರ ತುಂಡು ತುಂಡಾಗಿ ಬರುತ್ತದೆ. ಅಳುವನ್ನು ತಡೆಯುತ್ತಾನೆ. ಗಮನಿಸಿ, ಇಲ್ಲಿ ಮೆಸ್ಕಲ್ ಅಳುವುದನ್ನು ಅಭಿನಯಿಸುತ್ತಿಲ್ಲ, ಅಳಬಾರದು ಎಂಬ ಹಟವನ್ನು ಅಭಿನಯಿಸುತ್ತಿದ್ದಾರೆ. ಹಟ ಸೋತಾಗ ನಮ್ಮ ಗಂಟಲೂ ಕಟ್ಟುತ್ತದೆ. ಈ ಸರಣಿಗೆ ಎಮಿ ನಾಮನಿರ್ದೇಶನ ಬಂತು, 2021ರಲ್ಲಿ ಬಾಫ್ಟಾ ಟಿವಿ ಪ್ರಶಸ್ತಿಯೂ ಸಿಕ್ಕಿತು. ಕಾನಲ್‌ನ ಕುತ್ತಿಗೆಯ ಬೆಳ್ಳಿ ಸರಕ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆ ಖಾತೆಯೇ ಹುಟ್ಟಿತು! ಮೆಸ್ಕಲ್ ತಮ್ಮದೊಂದು ಸರವನ್ನು ಲಾಟರಿಗೆ ಇಟ್ಟು, ಬಂದ ಹಣವನ್ನು ಆತ್ಮಹತ್ಯೆ ತಡೆಯುವ ಪಿಯೆಟಾ ಎಂಬ ಸಂಸ್ಥೆಗೆ ಕೊಟ್ಟರು.

ಇನ್ನು 2022ರ 'ಆಫ್ಟರ್‌ಸನ್'. ಷಾರ್ಲಟ್ ವೆಲ್ಸ್ ಅವರ ಮೊದಲ ಚಿತ್ರ. ಕ್ಯಾಲಮ್ ಎಂಬ ತಂದೆ, 11 ವರ್ಷದ ಮಗಳು ಸೋಫಿ, ಟರ್ಕಿಯ ಒಂದು ಅಗ್ಗದ ರೆಸಾರ್ಟ್‌ನಲ್ಲಿ ರಜೆ. ಕಥೆ ಅಷ್ಟೇ. ತಂದೆಗೆ ಒಳಗೆ ಏನೋ ಆಗಿದೆ. ಏನು ಅಂತ ಚಿತ್ರ ಬಿಡಿಸಿ ಹೇಳುವುದಿಲ್ಲ. ಇಪ್ಪತ್ತೈದರ ಆಸುಪಾಸಿನ ಮೆಸ್ಕಲ್, ಮೂವತ್ತೊಂದು ತುಂಬುತ್ತಿರುವ ಅಪ್ಪನಾಗಬೇಕು. ಮಗಳಾದವಳು ಫ್ರಾಂಕಿ ಕೋರಿಯೊ, ಹಿಂದೆಂದೂ ನಟಿಸದ ಪುಟ್ಟ ಹುಡುಗಿ.

ಎರಡು ದೃಶ್ಯ ಹೇಳುತ್ತೇನೆ. ಕ್ಯಾಲಮ್ ಕೈಗೆ ಪ್ಲಾಸ್ಟರ್ ಹಾಕಿರುತ್ತದೆ. ಬಚ್ಚಲುಮನೆಯಲ್ಲಿ ಕೂತು ತಾನೇ ಅದನ್ನು ಕತ್ತರಿಸಲು ಹೋಗುತ್ತಾನೆ, ಚರ್ಮಕ್ಕೆ ತಾಗಿ ರಕ್ತ ಬರುತ್ತದೆ. ಗೋಡೆಯ ಆಚೆ ಮಗಳು ಏನೋ ಕೇಳುತ್ತಿದ್ದಾಳೆ. ಇಬ್ಬರೂ ಒಂದೇ ಫ್ರೇಮಿನಲ್ಲಿ, ನಡುವೆ ಗೋಡೆ. ಅವನ ದನಿಯಲ್ಲಿ ನೋವು ಇಣುಕಬಾರದು. ಮುಖದಲ್ಲಿ ಇದೆ, ದನಿಯಲ್ಲಿ ಇಲ್ಲ. ಹೀಗೆ ಮುಖವನ್ನೂ ದನಿಯನ್ನೂ ಬೇರೆ ಬೇರೆ ದಾರಿಗೆ ಬಿಡುವುದು ಸುಲಭವಲ್ಲ. ದನಿಯ ಅಭ್ಯಾಸ ಮಾಡಿದವರಿಗೆ ಇದರ ಕಷ್ಟ ಗೊತ್ತು.

ಇನ್ನೊಂದು, ಅವನು ಹಾಸಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುವ ದೃಶ್ಯ. ನಮಗೆ ಕಾಣುವುದು ಬೆನ್ನು ಮಾತ್ರ. ಮುಖವೇ ಇಲ್ಲ! ಪ್ರೇಕ್ಷಕರಿಗೆ ಬೆನ್ನು ಹಾಕಬೇಡ ಎಂದು ನಮಗೆಲ್ಲ ಮೊದಲ ದಿನವೇ ಬೈದು ಹೇಳಿಕೊಡುತ್ತಾರೆ. ಇಲ್ಲಿ ಒಬ್ಬ ನಟ ತನ್ನ ಅತಿ ದೊಡ್ಡ ದೃಶ್ಯವನ್ನು ಬೆನ್ನು ತೋರಿಸಿಯೇ ಮುಗಿಸುತ್ತಾನೆ. ಆ ಭುಜ, ಆ ಬೆನ್ನೆಲುಬು, ಉಸಿರಿಗೆ ಅದುರುವ ಪಕ್ಕೆ. ಮೈದಾನದಲ್ಲಿ ಬೆಳೆದ ಮೈಯಿಗೂ ಇದರಲ್ಲಿ ಪಾಲಿದೆ. ಈ ಪಾತ್ರಕ್ಕೆ ಅವರು ಆಸ್ಕರ್ ಅತ್ಯುತ್ತಮ ನಟ ವಿಭಾಗದಲ್ಲಿ ನಾಮನಿರ್ದೇಶನಗೊಂಡರು. ಆ ಸಲ ಗೆದ್ದವರು ಬ್ರೆಂಡನ್ ಫ್ರೇಸರ್.

ಆ ನಾಮನಿರ್ದೇಶನ ಬಂದಾಗ ಮೆಸ್ಕಲ್ ಎಲ್ಲಿದ್ದರು ಗೊತ್ತಾ? 325 ಸೀಟಿನ ಒಂದು ರಂಗಮಂದಿರದ ಕೆಲಸದಲ್ಲಿ. ಲಂಡನ್‌ನ ಅಲ್ಮೀಡಾ, ನಾಟಕ ಟೆನೆಸ್ಸೀ ವಿಲಿಯಮ್ಸ್‌ನ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್', ನಿರ್ದೇಶನ ರೆಬೆಕಾ ಫ್ರೆಕ್ನಾಲ್. ಇವರು ಸ್ಟ್ಯಾನ್ಲಿ ಕೊವಾಲ್‌ಸ್ಕಿ. 1947ರಲ್ಲಿ ರಂಗದ ಮೇಲೂ 1951ರಲ್ಲಿ ಸಿನಿಮಾದಲ್ಲೂ ಮಾರ್ಲನ್ ಬ್ರಾಂಡೊ ಮಾಡಿದ ಪಾತ್ರ. ಯಾವ ನಟ ಮಾಡಿದರೂ ಬ್ರಾಂಡೊ ಹೆಸರು ಬಾರದೇ ಇರುವುದಿಲ್ಲ. ಲಂಡನ್‌ಗೆ ಹೋಗಿ ನೋಡುವ ಯೋಗ ನನಗೆ ಇರಲಿಲ್ಲ, ಹಾಗಾಗಿ ಅವರ ಅಭಿನಯದ ಬಗ್ಗೆ ತೀರ್ಪು ಕೊಡುವುದಿಲ್ಲ. ರಂಗದ ಬಗ್ಗೆ ಮಾತ್ರ ಹೇಳಬಲ್ಲೆ. ಸುತ್ತ ಪ್ರೇಕ್ಷಕರು, ನಡುವೆ ಬರಿದಾದ ವೇದಿಕೆ, ಮೇಲೆ ಒಬ್ಬ ಡ್ರಮ್ ಬಾರಿಸುವವರು. ನಾಲ್ಕೂ ಕಡೆ ಜನ ಇದ್ದರೆ ಯಾರಿಗಾದರೂ ಬೆನ್ನು ಕಾಣಲೇಬೇಕು! ನಾಟಕದ ನಾಯಕಿ ಬ್ಲಾಂಚ್ ಪಾತ್ರದ ನಟಿಗೆ ಪೆಟ್ಟಾಗಿ ಅವರು ಹಿಂದೆ ಸರಿದಾಗ ಪ್ಯಾಟ್ಸಿ ಫೆರಾನ್ ಕೊನೇ ಗಳಿಗೆಯಲ್ಲಿ ಬಂದು ಸೇರಿಕೊಂಡರು. ಸ್ಟ್ಯಾನ್ಲಿಯ ಹೆಂಡತಿ ಸ್ಟೆಲ್ಲಾ ಆಗಿದ್ದವರು ಅಂಜನಾ ವಾಸನ್, ನಮ್ಮ ಪಕ್ಕದ ಚೆನ್ನೈಯಲ್ಲಿ ಹುಟ್ಟಿ ಸಿಂಗಾಪುರದಲ್ಲಿ ಬೆಳೆದವರು. 2023ರ ಏಪ್ರಿಲ್‌ನಲ್ಲಿ ಮೆಸ್ಕಲ್ ಮತ್ತು ಅಂಜನಾ ಇಬ್ಬರಿಗೂ ಲಂಡನ್ ರಂಗಭೂಮಿಯ ಒಲಿವಿಯರ್ ಪ್ರಶಸ್ತಿ ಬಂತು, ನಾಟಕಕ್ಕೂ ಬಂತು.

ಅದೇ ವರ್ಷದ ಫೆಬ್ರವರಿಯ ಒಂದು ಸಣ್ಣ ಸಂಗತಿ. ಬಾಫ್ಟಾ ಸಮಾರಂಭದ ರೆಡ್ ಕಾರ್ಪೆಟ್ ಮೇಲೆ ಐರಿಷ್ ಭಾಷೆಯ ಟಿವಿ ವಾಹಿನಿ ಟಿಜಿ4 ಅವರನ್ನು ಐರಿಷ್‌ನಲ್ಲೇ ಮಾತಾಡಿಸಿತು. ಶಾಲೆಯಲ್ಲಿ ಕಲಿತ ಭಾಷೆ. ಸ್ವಲ್ಪ ತಡವರಿಸಿದರು, ಆದರೂ ಐರಿಷ್‌ನಲ್ಲೇ ಉತ್ತರಿಸಿದರು. ಊರವರು ಆ ವಿಡಿಯೊವನ್ನು ಎಷ್ಟು ಹಂಚಿಕೊಂಡರು ಎಂದರೆ, ಕೆಲವು ದಿನ ಅದೇ ಸುದ್ದಿ.

ಎಲ್ಲವೂ ಹೊಗಳಿಕೆ ಆಗಬಾರದು. ಹಳೇ ರೋಮ್‌ನ ಕತ್ತಿ ಕಾಳಗದ ಚಿತ್ರ, 2024ರ 'ಗ್ಲಾಡಿಯೇಟರ್ 2' ನನಗೆ ಅಷ್ಟು ಹಿಡಿಸಲಿಲ್ಲ. ಅದರ ನಿರ್ದೇಶಕ ರಿಡ್ಲಿ ಸ್ಕಾಟ್ 'ನಾರ್ಮಲ್ ಪೀಪಲ್' ನೋಡಿಯೇ ಇವರನ್ನು ಗುರುತಿಸಿದ್ದು. ಮೈ ಬೆಳೆಸಿ, ಕತ್ತಿ ಹಿಡಿದು, ಮೆಸ್ಕಲ್ ಕೇಳಿದ್ದನ್ನೆಲ್ಲ ಮಾಡಿದ್ದಾರೆ. ಆದರೆ ನೀರು ತುಂಬಿದ ಕಲೋಸಿಯಂನಲ್ಲಿ ಹಡಗುಗಳು ಗುದ್ದಾಡುವಾಗ ಒಂದು ಸಣ್ಣ ಕಣ್ಣರೆಪ್ಪೆಯ ಚಲನೆಗೆ ಜಾಗ ಎಲ್ಲಿ? ಡೆಂಜಲ್ ವಾಷಿಂಗ್ಟನ್ ಮಾತಿನಲ್ಲೇ ಚಿತ್ರವನ್ನು ದೋಚಿಕೊಂಡು ಹೋಗುತ್ತಾರೆ. ಇದಕ್ಕಿಂತ ಹಿಂದಿನ ವರ್ಷ ಆಂಡ್ರ್ಯೂ ಹೇಯ್ ಅವರ 'ಆಲ್ ಆಫ್ ಅಸ್ ಸ್ಟ್ರೇಂಜರ್ಸ್'ನಲ್ಲಿ ಡಬ್ಲಿನ್‌ನವರೇ ಆದ ಆಂಡ್ರ್ಯೂ ಸ್ಕಾಟ್ ಜೊತೆ ಮಾಡಿದ ಪಾತ್ರ ನೋಡಿ. ಹೆಚ್ಚು ಹೊತ್ತು ಇಬ್ಬರೇ, ಒಂದು ಅಪಾರ್ಟ್‌ಮೆಂಟ್. ಅಲ್ಲಿ ಅವರು ಪೂರ್ತಿ ಸಿಗುತ್ತಾರೆ.

ರೋಮ್‌ನ ಅಬ್ಬರ ಮುಗಿದ ಮೇಲೆ 2025ರ ಆರಂಭದಲ್ಲಿ ಅವರು ಮತ್ತೆ ಅದೇ ಸ್ಟ್ಯಾನ್ಲಿಗೆ ಮರಳಿದರು. ಮೊದಲು ಲಂಡನ್‌ನ ವೆಸ್ಟ್ ಎಂಡ್, ಆಮೇಲೆ ನ್ಯೂಯಾರ್ಕ್‌ನ ಬ್ರೂಕ್ಲಿನ್. ಅದೇ ವರ್ಷ ಕ್ಲೋಯಿ ಝಾವ್ ಅವರ 'ಹ್ಯಾಮ್ನೆಟ್' ಬಂತು. ಅದರಲ್ಲಿ ಇವರು ಶೇಕ್ಸ್‌ಪಿಯರ್, ಹೆಂಡತಿಯಾಗಿ ಕಿಲಾರ್ನಿಯ ಜೆಸ್ಸಿ ಬಕ್ಲಿ. ಇಂಗ್ಲೆಂಡಿನ ಕವಿಯ ಸಂಸಾರ ಇಬ್ಬರು ಐರಿಷ್ ನಟರ ಪಾಲಾಯಿತು. ಡಬ್ಲಿನ್‌ನವರು ಇದನ್ನು ಹೇಳಿಕೊಂಡು ಒಳಗೊಳಗೇ ಖುಷಿಪಟ್ಟಿರಬೇಕು! ಮಗನನ್ನು ಕಳೆದುಕೊಂಡ ಅಪ್ಪ ತನ್ನ ದುಃಖವನ್ನು ಮನೆಯಲ್ಲಿ ಹೇಳಲಾರದೆ ನಾಟಕಕ್ಕೆ ಒಯ್ಯುತ್ತಾನೆ. ಮೆಸ್ಕಲ್‌ಗೆಂದೇ ಬರೆದಂತಿದೆ.

ಮುಂದೆ? ಸ್ಯಾಮ್ ಮೆಂಡಿಸ್ ಬೀಟಲ್ಸ್ ಎಂಬ ಇಂಗ್ಲೆಂಡಿನ ಸಂಗೀತ ತಂಡದ ಬಗ್ಗೆ ನಾಲ್ಕು ಸಿನಿಮಾ ಮಾಡುತ್ತಿದ್ದಾರೆ. 2028ರ ಏಪ್ರಿಲ್‌ಗೆ ಬರಲಿದೆ ಎಂದು ಘೋಷಿಸಿದ್ದಾರೆ. ಅದರಲ್ಲಿ ಇವರು ಪಾಲ್ ಮೆಕಾರ್ಟ್ನಿ. ಎಡಗೈಯಲ್ಲಿ ನುಡಿಸುವ ಗಿಟಾರಿಸ್ಟ್, ಅದೂ ಇಂದಿಗೂ ನಮ್ಮ ನಡುವೆ ಇರುವವರು. ರಿಚರ್ಡ್ ಲಿಂಕ್‌ಲೇಟರ್ ಅವರದು ಇನ್ನೂ ವಿಚಿತ್ರ ಯೋಜನೆ. 'ಮೆರಿಲಿ ವಿ ರೋಲ್ ಅಲಾಂಗ್' ಎಂಬ ಸಂಗೀತ ನಾಟಕವನ್ನು ಸುಮಾರು 20 ವರ್ಷಗಳ ಉದ್ದಕ್ಕೆ, ನಟರಿಗೆ ನಿಜವಾಗಿ ವಯಸ್ಸಾಗುತ್ತಾ ಹೋದಂತೆ ಚಿತ್ರೀಕರಿಸುತ್ತಿದ್ದಾರೆ. ಕಥೆ ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ಸಾಗುತ್ತದೆ. ಹಾಗಾಗಿ ಈಗ ಯುವಕನಾಗಿ ಮಾಡಿದ ದೃಶ್ಯಗಳು ಚಿತ್ರದ ಕೊನೆಗೆ ಬರುತ್ತವೆ, ಮೊದಲ ದೃಶ್ಯಕ್ಕೆ ಮೆಸ್ಕಲ್‌ಗೆ ನಲವತ್ತು ದಾಟಬೇಕು.

ಪ್ರಶ್ನೆ ಇದ್ದರೆ ಕೇಳಿ, ಮಾತಾಡೋಣ.