ತಿರುಗಾಟದ ನಡುವೆ ಡಾಕ್ಟರೇಟ್

ಗೆಳೆಯರೇ,

ಕರಾವಳಿಯ ಒಂದು ಯಕ್ಷಗಾನ ಮೇಳಕ್ಕೆ ನಾನು ಹದಿನಾರು ವರ್ಷಗಳಿಂದ ಮ್ಯಾನೇಜರ್. ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ವಾರದಲ್ಲಿ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚುವವರೆಗೆ ರಾತ್ರಿಗೊಂದು ಊರು. ಆಟದ ತಾರೀಖು, ಲಾರಿ, ಕಲಾವಿದರ ಸಂಬಳ, ಮೈಕಿನ ಪರವಾನಗಿ ಎಲ್ಲವೂ ನನ್ನ ಹೊಣೆ. ಜೊತೆಗೆ ನಾಲ್ಕು ವರ್ಷಗಳಿಂದ ಪಿಎಚ್.ಡಿ. ಓದುತ್ತಿದ್ದೇನೆ. ಮೊದಲ ವರ್ಷ ಮೇಳ ಬೇರೆ, ಓದು ಬೇರೆ ಎಂದುಕೊಂಡಿದ್ದೆ. ಆಗ ಎರಡೂ ಕೆಟ್ಟವು.

ಮಾಡುವ ಕೆಲಸವನ್ನೇ ಸಂಶೋಧನೆಯ ದಾರಿಯಾಗಿಸಿಕೊಳ್ಳುವುದು ಹೊಸತಲ್ಲ. ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯ 1984ರಲ್ಲೇ ಕಲಾಸೃಷ್ಟಿಗೆಂದು ಡಾಕ್ಟರೇಟ್ ಆರಂಭಿಸಿತು. ಕಲೆಯ ಬಗ್ಗೆ ನಡೆಸುವ ಸಂಶೋಧನೆ ಬೇರೆ, ಕಲೆಯ ಮೂಲಕ ನಡೆಸುವುದು ಬೇರೆ ಎಂದು ಇಂಗ್ಲೆಂಡಿನ ಕಲಾಶಿಕ್ಷಣದ ವಿದ್ವಾಂಸ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಬಿಡಿಸಿ ಹೇಳಿದರು. ನಮ್ಮಲ್ಲಿ ಕೊನೆಗೆ ಒಪ್ಪಿಸಬೇಕಾದದ್ದು ಬರೆದ ಪ್ರಬಂಧವನ್ನೇ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳು ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿವೆ. ಉದ್ಯೋಗ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಾಮಾನ್ಯವಾಗಿ ಆರು ವರ್ಷಗಳ ಮಿತಿ. ನನ್ನ ಲೆಕ್ಕದಲ್ಲಿ ಆರು ತಿರುಗಾಟ, ಆರು ಮಳೆಗಾಲ. ತರಗತಿ, ಓದು, ಬರಹ ಎಲ್ಲವೂ ಮಳೆಗಾಲದ ಪಾಲು.

ನನ್ನ ವಿಷಯ ಕಾಲಮಿತಿಯ ಆಟ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ 2000ನೇ ಇಸವಿಯ ನಿಯಮವಿದೆ, ಬೆಳಗಿನವರೆಗೆ ಕೂರುವ ಪ್ರೇಕ್ಷಕರೂ ಕಡಿಮೆಯಾಗಿದ್ದಾರೆ. ಇಡೀ ರಾತ್ರಿಯ ಪ್ರಸಂಗವನ್ನು ನಾಲ್ಕೈದು ಗಂಟೆಗೆ ಇಳಿಸುವಾಗ ಯಾವ ಪದ್ಯ ಬಿಡಬೇಕು, ಯಾರ ಪ್ರವೇಶ ಮೊಟಕಾಗಬೇಕು ಎಂಬುದನ್ನು ಹಾಡಿ ಆಟ ನಡೆಸುವ ಭಾಗವತರೂ ನಾನೂ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ನಿಂತೇ ತೀರ್ಮಾನಿಸುತ್ತೇವೆ. ಆ ತೀರ್ಮಾನಗಳೇ ನನ್ನ ಸಾಮಗ್ರಿ. ಅವನ್ನು ಅದೇ ರಾತ್ರಿ ಬರೆದಿಡಬೇಕು. ಮರುದಿನ ಬರೆದರೆ ಎಲ್ಲವನ್ನೂ ಯೋಚಿಸಿಯೇ ಮಾಡಿದಂತೆ ಮನಸ್ಸು ಕಥೆ ಕಟ್ಟಿಬಿಡುತ್ತದೆ.

ಇದಕ್ಕಿಂತ ಕಷ್ಟದ ಮಾತೊಂದಿದೆ. ಸಂಬಳ ಕೊಡುವ ಕೈಯೇ ಪ್ರಶ್ನೆ ಕೇಳಿದರೆ ಕಲಾವಿದ ಏನು ಉತ್ತರಿಸಿಯಾನು?

ನಮ್ಮಲ್ಲಿ ಬಣ್ಣದ ವೇಷದ ಹಿರಿಯರೊಬ್ಬರಿದ್ದಾರೆ. ರಾಕ್ಷಸನ ಮುಖಕ್ಕೆ ಚಿಟ್ಟಿ ಇಡುವುದನ್ನು ನೀವು ಹತ್ತಿರದಿಂದ ನೋಡಬೇಕು. ಅರೆದ ಅಕ್ಕಿಗೆ ಸುಣ್ಣ ಬೆರೆಸಿ, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗುತ್ತಾರೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಅವರಿಗೆ ಮೂರು ಗಂಟೆ ಬೇಕು. ಅವರ ಒಡ್ಡೋಲಗವನ್ನು, ಅಂದರೆ ವೇಷದ ಮೊದಲ ಪ್ರವೇಶದ ಕುಣಿತವನ್ನು, ಹನ್ನೆರಡು ನಿಮಿಷಕ್ಕೆ ಇಳಿಸಿ, 'ಸಾಕಾಗುತ್ತದೆಯೇ?' ಎಂದು ಕೇಳಿದೆ. 'ತೊಂದರೆಯಿಲ್ಲ, ಹೊಂದಿಸಿಕೊಳ್ಳುತ್ತೇನೆ' ಎಂದರು. ಅದನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಮಾರ್ಗದರ್ಶಕರು ಆ ಸಾಲನ್ನು ಒಪ್ಪಲಿಲ್ಲ. 'ಇದು ಮ್ಯಾನೇಜರಿಗೆ ಕೊಟ್ಟ ಉತ್ತರ' ಎಂದರು. ಅವರ ಸೂಚನೆಯಂತೆ, ಆ ಹಿರಿಯರ ಒಪ್ಪಿಗೆ ಪಡೆದು, ಪ್ರತಿ ವಾರ ಅವರ ಮುಖವರ್ಣಿಕೆಯ ಫೋಟೋ ತೆಗೆಯುತ್ತಾ ಬಂದೆ. ಏಪ್ರಿಲ್ ತಿಂಗಳಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಡಿಸೆಂಬರಿನಲ್ಲಿ ಕೆನ್ನೆಯ ಮೇಲೆ ಐದು ಸಾಲು ಚಿಟ್ಟಿ ಇತ್ತು. ಏಪ್ರಿಲ್ ಹೊತ್ತಿಗೆ ಎರಡು.

ಮಳೆಗಾಲದಲ್ಲಿ ಅವರ ಮನೆಗೆ ಹೋಗಿ ಫೋಟೋಗಳನ್ನು ಜಗಲಿಯ ಮೇಲೆ ಹರಡಿದೆ. ಬಹಳ ಹೊತ್ತು ನೋಡಿದರು. 'ಹನ್ನೆರಡು ನಿಮಿಷಕ್ಕಾಗಿ ಮೂರು ಗಂಟೆ ಕನ್ನಡಿಯ ಮುಂದೆ ಕೂರಲು ಮನಸ್ಸೇ ಬರಲಿಲ್ಲ' ಎಂದರು. ಇದನ್ನು ಪ್ರಬಂಧದಲ್ಲಿ ಬರೆಯಬಹುದೇ ಎಂದು ಕೇಳಿದೆ. 'ಬರೆಯಿರಿ, ಆದರೆ ಆಟದಲ್ಲೂ ಏನಾದರೂ ಮಾಡಿ' ಎಂದರು.

ಮುಂದಿನ ತಿರುಗಾಟದಲ್ಲಿ ಭಾಗವತರೊಂದಿಗೆ ಕುಳಿತು, ಮೊದಲ ಭಾಗದ ಅರ್ಥಗಾರಿಕೆಯನ್ನು, ಅಂದರೆ ಪಾತ್ರಗಳ ಮಾತನ್ನು, ಬಿಗಿ ಮಾಡಿ, ಒಡ್ಡೋಲಗಕ್ಕೆ ಅರ್ಧ ಗಂಟೆ ಬಿಡಿಸಿಕೊಟ್ಟೆವು. ಮೂರನೆಯ ಆಟದ ದಿನ ಲಾರಿಯಿಂದ ಪೆಟ್ಟಿಗೆಗಳನ್ನು ಇಳಿಸಿ ಮುಗಿಯುವ ಮೊದಲೇ ಅವರು ಚೌಕಿಗೆ ಬಂದು, ಗೆರಟೆಯಲ್ಲಿ ಸುಣ್ಣ ಕಲಸುತ್ತಾ ಕುಳಿತಿದ್ದರು.