ಮೀಟರ್ ನೋಡಿ ಕಾರು ತಗೋಬೇಡಿ, ಬಿಲ್ ನೋಡಿ ತಗೊಳ್ಳಿ

ನಮಸ್ಕಾರ ಸ್ನೇಹಿತ್ರೇ. ಕಳೆದ ವಿಡಿಯೋ ಕೆಳಗೆ ಒಬ್ರು ಒಂದು ಕಾಮೆಂಟ್ ಹಾಕಿದಾರೆ. ಅದನ್ನ ಓದಿದಾಗಿಂದ ನನಗೆ ಸುಮ್ನಿರೋಕೆ ಆಗ್ತಿಲ್ಲ. ಹಾಗೇ ಓದ್ತೀನಿ ಕೇಳಿ. "ಸರ್, 11 ವರ್ಷದ ಹಳೇ ಕಾರು, ಬರೀ 32,000 ಕಿಲೋಮೀಟರ್ ಓಡಿದೆ. ಒಳಗೆಲ್ಲ ಹೊಸದರ ಥರ ಇದೆ. ಸರ್ವಿಸ್ ಬುಕ್ ಮಾತ್ರ ಕಳೆದುಹೋಗಿದೆಯಂತೆ. ಕೂಡಿಟ್ಟಿರೋ ದುಡ್ಡೆಲ್ಲ ಹಾಕ್ತಿದೀನಿ. ಒಳ್ಳೇ ಡೀಲ್ ಅಲ್ವಾ?"

ಅದರ ಕೆಳಗೆ ನಮ್ಮ ಜನ ಏನು ಬರೆದಿದಾರೆ ಗೊತ್ತಾ? "ಕಣ್ಮುಚ್ಚಿ ತಗೊಳ್ಳಿ." "ಲಾಟರಿ ಹೊಡೀತು ನಿಮಗೆ." ಒಬ್ಬರಾದ್ರೂ "ಸರ್ವಿಸ್ ಬುಕ್ ಎಲ್ಲಿ ಹೋಯ್ತು" ಅಂತ ಕೇಳಿಲ್ಲ. ಒಬ್ಬರೂ!

ಹಾಗಾಗಿ ಇವತ್ತು ಒಂದೇ ವಿಷಯ. ಕಡಿಮೆ ದುಡ್ಡಲ್ಲಿ ಹಳೇ ಕಾರು ತಗೊಳ್ಳೋರು ಎಷ್ಟು ಓಡಿದೆ ಅಂತ ತೋರಿಸೋ ಮೀಟರ್ ನೋಡಬಾರ್ದು, ಸರ್ವಿಸ್ ಬಿಲ್ ನೋಡಬೇಕು. ಆ ಕಾರನ್ನ ಇಷ್ಟು ವರ್ಷ ಹೇಗೆ ನೋಡ್ಕೊಂಡಿದಾರೆ ಅನ್ನೋದಕ್ಕೆ ಕಾಗದ ಇದೆಯಾ, ಇಲ್ವಾ? ಇದ್ರೆ ಮಾತು ಮುಂದುವರಿಸಿ. ಇಲ್ಲಾಂದ್ರೆ ಎದ್ದು ಬನ್ನಿ.

ಮೊದಲು ಆ 32,000 ಲೆಕ್ಕ ಮಾಡೋಣ. 11 ವರ್ಷಕ್ಕೆ 32,000 ಅಂದ್ರೆ ವರ್ಷಕ್ಕೆ 3,000ಕ್ಕಿಂತ ಕಡಿಮೆ. ದಿನಕ್ಕೆ ಸರಾಸರಿ 8 ಕಿಲೋಮೀಟರ್. ಹೋಗೋಕೆ ನಾಲ್ಕು, ಬರೋಕೆ ನಾಲ್ಕು. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಇಂಜಿನ್‌ಗೆ ಇದಕ್ಕಿಂತ ಕೆಟ್ಟ ಬಾಳು ಇನ್ನೊಂದಿಲ್ಲ. ನಾಲ್ಕು ಕಿಲೋಮೀಟರಲ್ಲಿ ಆಯಿಲ್ ಸರಿಯಾಗಿ ಬಿಸಿಯೇ ಆಗಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತೆ. ಆ ಆವಿಯ ಸ್ವಲ್ಪ ಭಾಗ ಆಯಿಲ್ ಒಳಗೆ ಸೇರುತ್ತೆ, ಜೊತೆಗೆ ಉರಿಯದೇ ಉಳಿದ ಪೆಟ್ರೋಲ್ ಕೂಡ. ಇಂಜಿನ್ ಚೆನ್ನಾಗಿ ಬಿಸಿಯಾದ್ರೆ ಅವೆರಡೂ ಆವಿಯಾಗಿ ಹೊರಗೆ ಹೋಗ್ತವೆ. ಬಿಸಿಯೇ ಆಗದಿದ್ರೆ ಅಲ್ಲೇ ಕೂತು, ಆಯಿಲ್ ಕೆಟ್ಟು ಜಿಡ್ಡು ಕೆಸರಾಗುತ್ತೆ. ಸೈಲೆನ್ಸರ್ ಒಳಗಡೆಯಿಂದ ತುಕ್ಕು ಹಿಡಿಯುತ್ತೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗೋದೇ ಇಲ್ಲ. ಈಚಿನ ಡೀಸೆಲ್ ಕಾರುಗಳಲ್ಲಾದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಆ ಮಸಿ ಸುಟ್ಟುಹೋಗೋಕೆ ಸುಮಾರು 600 ಡಿಗ್ರಿ ಶಾಖ ಬೇಕು. ನಾಲ್ಕು ಕಿಲೋಮೀಟರ್ ಓಡಾಟದಲ್ಲಿ ಅದೆಲ್ಲಿಂದ ಬರಬೇಕು?

ಕಂಪನಿಯೋರು ಸರ್ವಿಸ್ ಪಟ್ಟಿಯಲ್ಲಿ ಏನು ಬರೀತಾರೆ ನೋಡಿದೀರಾ? "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು." ಆ ತಿಂಗಳ ಲೆಕ್ಕವನ್ನ ಅವರು ಸುಮ್ಸುಮ್ನೆ ಬರೆದಿಲ್ಲ. ರಬ್ಬರ್ ನಿಂತಲ್ಲೇ ಹಳೇದಾಗುತ್ತೆ. ಟೈಮಿಂಗ್ ಬೆಲ್ಟ್ ಇರೋ ಇಂಜಿನ್ನನ್ನೇ ಉದಾಹರಣೆಗೆ ನೋಡಿ. ಇಂಜಿನ್ ಒಳಗೆ ಮೇಲೆ ಕೆಳಗೆ ಓಡೋ ಪಿಸ್ಟನ್‌ಗೂ, ತೆರೆದು ಮುಚ್ಚೋ ವಾಲ್ವ್‌ಗೂ ತಾಳ ತಪ್ಪದ ಹಾಗೆ ನೋಡ್ಕೊಳ್ಳೋ ರಬ್ಬರ್ ಪಟ್ಟಿ ಅದು. ಬೆಲ್ಟ್ ಬದಲಾಯಿಸೋಕೆ ಕಿಲೋಮೀಟರ್ ಮಿತಿಯೂ ಇದೆ, ವರ್ಷದ ಮಿತಿಯೂ ಇದೆ. ಬಹಳಷ್ಟು ಇಂಜಿನ್‌ಗಳಲ್ಲಿ ಓಡ್ತಿರುವಾಗ ಆ ಬೆಲ್ಟ್ ಕಿತ್ತುಹೋದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತೆ. ಅಲ್ಲಿಗೆ ಇಂಜಿನ್ ಕಥೆ ಮುಗೀತು. ಆ ರಿಪೇರಿ ಖರ್ಚು ಎಷ್ಟೋ ಸಲ ಹಳೇ ಕಾರಿನ ಬೆಲೆಯನ್ನೇ ಮೀರುತ್ತೆ. ಈಗ ಹೇಳಿ, 11 ವರ್ಷದ ಹಳೇ ಬೆಲ್ಟ್ ಬದಲಾಯಿಸಿದಾರೋ ಇಲ್ವೋ ಅಂತ ನಿಮಗೆ ಯಾರು ಹೇಳ್ತಾರೆ? ಮೀಟರ್ ಹೇಳುತ್ತಾ? ಬಿಲ್ ಹೇಳುತ್ತೆ.

ಬ್ರೇಕ್ ಆಯಿಲ್ ಇನ್ನೊಂದು, ಪೆಡಲ್ ಒತ್ತಿದ ಬಲವನ್ನ ಚಕ್ರದ ಬ್ರೇಕಿಗೆ ಮುಟ್ಟಿಸೋ ದ್ರವ. ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ಗಾಡಿ ನಿಂತಿದ್ರೂ ಹೀರ್ಕೊಳ್ಳುತ್ತೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡೇಪಕ್ಷ 230 ಡಿಗ್ರಿವರೆಗೆ ಕುದಿಯಬಾರ್ದು ಅನ್ನೋದು ನಿಯಮ. ತೇವ ಹೀರ್ಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ಉದ್ದದ ಇಳಿಜಾರಲ್ಲಿ ಬ್ರೇಕ್ ಒತ್ತಿ ಒತ್ತಿ ಬಿಸಿಯಾದಾಗ ಆಯಿಲ್ ಕುದ್ದು ಗುಳ್ಳೆ ಬಂದ್ರೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಇದು ಬರೀ ದುಡ್ಡಿನ ಮಾತಲ್ಲ ಸ್ವಾಮಿ, ಒಳಗೆ ಕೂತಿರೋ ಮಕ್ಕಳ ಮಾತು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅಂತಾರೆ. ಬದಲಾಯಿಸಿದ್ರಾ? ಬಿಲ್ ತೋರಿಸಿ.

ಇನ್ನು ಆ ಮೀಟರ್ ನಿಜವೇ ಅಂತ ನಿಮಗೆ ಯಾರು ಹೇಳಿದ್ರು? ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸೋಕೆ ಒಂದು ಉಪಕರಣ, ಸ್ವಲ್ಪ ಹೊತ್ತು ಸಾಕು. ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ಯಾ, ಸ್ಟೀರಿಂಗ್ ಹಿಡಿಯೋ ಜಾಗ ಫಳಫಳ ಹೊಳೀತಿದ್ಯಾ, ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ಕುಸಿದಿದ್ಯಾ ನೋಡಿ. ಇವೆಲ್ಲ 32,000 ಕಿಲೋಮೀಟರಿಗೆ ಆಗೋದಲ್ಲ. ಬಿಲ್‌ಗಳಿದ್ರೆ ಅನುಮಾನವೇ ಬೇಡ, ಪ್ರತಿ ಬಿಲ್‌ನಲ್ಲೂ ತಾರೀಖು ಇರುತ್ತೆ, ಅವತ್ತಿನ ಕಿಲೋಮೀಟರ್ ಬರೆದಿರುತ್ತೆ. ಆ ಸಂಖ್ಯೆಗಳು ವರ್ಷವರ್ಷಕ್ಕೆ ಏರ್ತಾ ಬಂದಿದ್ರೆ ಸರಿ. ನಡುವೆ ಒಂದು ಕಡೆ ಇಳಿದಿದ್ರೆ ಕಳ್ಳತನ ಅಲ್ಲೇ ಸಿಕ್ಕಿಬಿತ್ತು.

ಅಂದಹಾಗೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದೋರು ಈಗಲೇ ಮಾಡ್ಬಿಡಿ. ಹಳೇ ಕಾರು ನೋಡೋಕೆ ಹೋಗುವಾಗ ಏನೇನು ಕೇಳಬೇಕು ಅಂತ ಪೂರ್ತಿ ಪಟ್ಟಿ ಮಾಡಿ ಕೆಳಗೆ ಹಾಕಿದೀನಿ, ಒಂದು ಪೈಸೆ ಕೊಡಬೇಕಾಗಿಲ್ಲ. ಫೋನಲ್ಲಿ ಇಟ್ಕೊಳ್ಳಿ, ಮನೆಯೋರಿಗೂ ಕಳಿಸಿ.

ಸರಿ. ಈಗ ಕೆಲವರು ಹೇಳ್ತಾರೆ, "1,20,000 ಓಡಿರೋ ಕಾರನ್ನ ಯಾರು ತಗೋತಾರೆ ಸರ್?" ನಾನು ತಗೋತೀನಿ. ಆರು ವರ್ಷದ ಕಾರು, 1,20,000 ಕಿಲೋಮೀಟರ್, ಹೆಚ್ಚಾಗಿ ಹೆದ್ದಾರಿಯಲ್ಲೇ ಓಡಿರೋದು, ಪ್ರತಿ ಆಯಿಲ್ ಚೇಂಜ್‌ಗೂ ಬಿಲ್ ಇದೆ. ಆ 11 ವರ್ಷದ ಹೊಳೆಯೋ ಡಬ್ಬಕ್ಕಿಂತ ಇದು ಎಷ್ಟೋ ಪಾಲು ಮೇಲು. ಅಮೆರಿಕದಲ್ಲಿ ಇರ್ವ್ ಗಾರ್ಡನ್ ಅಂತ ಒಬ್ಬರು ಮೇಷ್ಟ್ರಿದ್ರು. 1966ರಲ್ಲಿ ಹೊಸ ವೋಲ್ವೋ ಪಿ1800 ತಗೊಂಡ್ರು. 2013ರಲ್ಲಿ ಆ ಕಾರು 30 ಲಕ್ಷ ಮೈಲಿ ದಾಟ್ತು. ಅಂದ್ರೆ 48 ಲಕ್ಷ ಕಿಲೋಮೀಟರ್! ಗಿನ್ನೆಸ್ ದಾಖಲೆ ಅದು. ನಡುವೆ ಇಂಜಿನ್ ಬಿಚ್ಚಿ ಕಟ್ಟಿಸಿದಾರೆ, ಇಲ್ಲ ಅನ್ನಲ್ಲ. ಆದ್ರೆ ಅವರನ್ನ ಕೇಳಿದಾಗೆಲ್ಲ ಹೇಳ್ತಿದ್ದ ಗುಟ್ಟು ಒಂದೇ: ಕಂಪನಿ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸೋದು. 1,20,000ಕ್ಕೇ ಹೆದರಿ ಓಡಿಹೋಗೋರು ಇದನ್ನ ಸ್ವಲ್ಪ ಯೋಚನೆ ಮಾಡಿ.

"ಬಿಲ್ ಸುಳ್ಳು ಮಾಡಬಹುದಲ್ಲ ಸರ್?" ಮಾಡಬಹುದು. ಮಾಡಲಿ, ನಾವು ತಾಳೆ ನೋಡೋಣ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತವೆ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. 2021ರಲ್ಲಿ ನಾಲ್ಕೂ ಟೈರ್ ಹೊಸದು ಹಾಕಿಸಿದೀವಿ ಅಂತ ಬಿಲ್ ಇದ್ದು, ಟೈರ್ ಮೇಲೆ 2015, ಅಂದ್ರೆ 2015ರ 20ನೇ ವಾರ ಅಂತ ಇದ್ರೆ? ಸಿಕ್ಕಿಬಿದ್ದ. ಬಿಲ್ ಮೇಲಿರೋ ಗ್ಯಾರೇಜ್‌ಗೆ ಒಂದು ಫೋನ್ ಮಾಡಿ, ಈ ಗಾಡಿ ನಿಮ್ಮಲ್ಲಿಗೆ ಬರ್ತಿತ್ತಾ ಅಂತ ಕೇಳಿ. ಒಂದು ಫೋನ್! ಸೋಫಾ ತಗೊಳ್ಳೋಕೆ ಐದು ಅಂಗಡಿ ತಿರುಗೋ ಜನ ನಾವು, ಕಾರಿಗೆ ಒಂದು ಫೋನ್ ಮಾಡಕ್ಕಾಗಲ್ವಾ?

"ಬಿಲ್ ಎಲ್ಲ ಯಾರು ಇಟ್ಕೊಳ್ತಾರೆ ಸರ್?" ಯಾರಿಗೆ ಕಾರಿನ ಮೇಲೆ ಕಾಳಜಿ ಇದೆಯೋ ಅವರು ಇಟ್ಕೊಳ್ತಾರೆ. ಅಂಥವರ ಕಾರೇ ನಮಗೆ ಬೇಕಾಗಿರೋದು. ಇಡದೇ ಇರೋರ ಕಾರು ಇಡದೇ ಇರೋರೇ ತಗೊಳ್ಳಲಿ ಬಿಡಿ.

"ಆ ಬ್ರ್ಯಾಂಡ್ ಕೆಡೋದೇ ಇಲ್ಲ, ಅದಕ್ಕೆ ಬಿಲ್ ಯಾಕೆ?" ಇದನ್ನ ಕೇಳಿದಾಗಲಂತೂ ಪಿತ್ತ ನೆತ್ತಿಗೇರುತ್ತೆ. ಆಯಿಲ್ ಹಾಕದೆ ಓಡಿಸಿದ್ರೆ ಎಂಥಾ ಬ್ರ್ಯಾಂಡ್ ಆದ್ರೂ ಕೆಡುತ್ತೆ. ಇನ್ನು ಕೆಲವರು ಅಗ್ಗಕ್ಕೆ ಸಿಗ್ತು ಅಂತ ಹತ್ತು ವರ್ಷದ ಐಷಾರಾಮಿ ಕಾರು ತಂದು ನಿಲ್ಲಿಸ್ಕೊಳ್ತಾರೆ. ಕಾರಿನ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಮೂಗಿಗಿಂತ ಮೂಗುತಿ ಭಾರ. ಬಜೆಟ್ ಬಿಗಿಯಾಗಿದ್ರೆ ಟರ್ಬೋ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಯಂತ್ರ) ಇಲ್ಲದ, ಮ್ಯಾನುವಲ್ ಗೇರಿನ, ಎಲ್ಲಾ ಕಡೆ ಬಿಡಿಭಾಗ ಸಿಗೋ ಸಾದಾ ಕಾರು ತಗೊಳ್ಳಿ. ಅದಕ್ಕೂ ಬಿಲ್ ಕೇಳಿ!

ಇದು ನಾನೊಬ್ಬನೇ ಕೂಗ್ತಿರೋದಲ್ಲ. ಹಳೇ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆ ತಗೊಂಡು ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಲ್ಲಿ ಒಂದು ಪ್ರಬಂಧ ಬರೆದ್ರು. ಮಾರೋನಿಗೆ ಕಾರಿನ ನಿಜಸ್ಥಿತಿ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಕೊಳ್ಳೋನು ಅನುಮಾನಪಟ್ಟು ಎಲ್ಲಾ ಕಾರಿಗೂ ಕಡಿಮೆ ಬೆಲೆ ಹೇಳ್ತಾನೆ. ಆ ಬೆಲೆಗೆ ಒಳ್ಳೇ ಕಾರಿನ ಮಾಲೀಕ ಮಾರೋದೇ ಇಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯೋದು ಕೆಟ್ಟ ಕಾರುಗಳೇ. 2001ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ತು. ಮಾರೋನಿಗೆ ಗೊತ್ತಿರೋದು ನಿಮಗೂ ಗೊತ್ತಾಗೋ ದಾರಿ ಯಾವುದು? ಬಿಲ್!

ಮೆಕ್ಯಾನಿಕ್ ಕೈಲಿ ನೋಡಿಸಬೇಡಿ ಅಂತ ಹೇಳ್ತಿಲ್ಲ. ನೋಡಿಸಲೇಬೇಕು, ಅದೂ ಮಾರೋನ ಮೆಕ್ಯಾನಿಕ್ ಅಲ್ಲ, ನಿಮ್ಮ ಮೆಕ್ಯಾನಿಕ್. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಹೋಗಿ. ನೀವು ಹೋಗೋಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ರೆ, ಸ್ಟಾರ್ಟ್ ಆಗೋವಾಗಿನ ಸದ್ದೋ ಹೊಗೆಯೋ ಮುಚ್ಚಿಡ್ತಿದಾರೇನೋ ಅಂತ ಅನುಮಾನಪಡಿ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಡದೆ ದಟ್ಟ ಬಿಳಿ ಹೊಗೆ ಬರ್ತಿದ್ರೆ ಇಂಜಿನ್ ತಣ್ಣಗಿಡೋ ದ್ರವ, ಅಂದ್ರೆ ಕೂಲಂಟ್, ಪೆಟ್ರೋಲ್ ಉರಿಯೋ ಜಾಗದೊಳಗೆ ನುಗ್ಗಿರಬಹುದು. ಸೀಟ್ ಬೆಲ್ಟ್ ಕೊನೇವರೆಗೂ ಎಳೆದು ನೋಡಿ, ಕೆಸರಿನ ಗೆರೆ ಇದ್ರೆ ಕಾರು ನೀರಲ್ಲಿ ಮುಳುಗಿದ್ದು. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾಗಿರೋ ದೋಷಗಳನ್ನ ಓದೋ ಸ್ಕ್ಯಾನರ್ ಹಾಕಿಸಿ. ಎಚ್ಚರಿಕೆ ದೀಪ ಆರಿದೆ ಅಂತ ಖುಷಿಪಡಬೇಡಿ, ನೀವು ಬರೋ ಮುಂಚೆ ಆ ದೋಷದ ದಾಖಲೆ ಅಳಿಸಿರಬಹುದು. ಹಾಗೆ ಅಳಿಸಿದ್ರೆ ಕಾರಿನ ಕಂಪ್ಯೂಟರ್ ತಾನೇ ಮಾಡ್ಕೊಳ್ಳೋ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸುತ್ತೆ. ಒಂದಷ್ಟು ದಿನ ಓಡಿಸದೆ ಅವು ಪೂರ್ತಿಯಾಗಲ್ಲ. ಅದನ್ನ ಕೇಳಿ ನೋಡಿಸಿ.

ಇಷ್ಟೆಲ್ಲ ನೋಡಿದ್ರೂ ಮೆಕ್ಯಾನಿಕ್‌ಗೆ ಕಾಣೋದು ಇವತ್ತಿನ ಕಾರು. ಹಿಂದಿನ 11 ವರ್ಷ ಕಾಣಲ್ಲ. ಅದನ್ನ ತೋರಿಸೋದು ಬಿಲ್. ಎಷ್ಟು ಸಲ ಹೇಳಲಿ!

"ನಮ್ಮ ಮಾವ ಯಾವ ಬಿಲ್ಲೂ ಕೇಳದೆ ತಗೊಂಡು ಹತ್ತು ವರ್ಷ ಓಡಿಸಿದ್ರು." ಸಂತೋಷ. ಮಾವನ ಅದೃಷ್ಟ ಮಾವನ ಹತ್ರ ಇರಲಿ, ನೀವು ಬಿಲ್ ಕೇಳಿ.

ನನಗೆ ತೀರಾ ಸಂಕಟ ಆಗೋದು "ಕಮ್ಮಿ ದುಡ್ಡಿರೋರಿಗೆ ಆಯ್ಕೆ ಎಲ್ಲಿ ಸರ್, ಸಿಕ್ಕಿದ್ದು ತಗೋಬೇಕು" ಅಂತ ಬರೀತಾರಲ್ಲ, ಅದಕ್ಕೆ. ಅಲ್ರೀ, ದುಡ್ಡಿರೋನಿಗೆ ಇಂಜಿನ್ ಹೋದ್ರೆ ಇನ್ನೊಂದು ಕಾರು ತಗೋತಾನೆ. ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟೋರ ಗತಿ ಏನು? ಒಂದು ದೊಡ್ಡ ರಿಪೇರಿ ಬಂದ್ರೆ ಕಾರು ಬಾಗಿಲಲ್ಲಿ ನಿಲ್ಲುತ್ತೆ, ಕೆಲಸಕ್ಕೆ ಹೋಗೋದು ನಿಲ್ಲುತ್ತೆ, ಸಾಲ ಮಾತ್ರ ಓಡ್ತಾನೇ ಇರುತ್ತೆ. ಬಿಲ್ ಕೇಳೋ ಹಕ್ಕು ಎಲ್ಲರಿಗಿಂತ ಹೆಚ್ಚಿರೋದು ನಿಮಗೆ. ಇರೋದನ್ನೆಲ್ಲ ಕಾರಿನ ಬೆಲೆಗೇ ಸುರೀಬೇಡಿ ಕೂಡ. ಐದರಲ್ಲಿ ಒಂದು ಪಾಲು ಬದಿಗಿಟ್ಟು, ತಂದ ತಕ್ಷಣ ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್, ಬೇಕಿದ್ರೆ ಬೆಲ್ಟು, ಟೈರು ಮಾಡಿಸಿ. ಅದರ ಬಿಲ್ಲನ್ನ ನೀವೂ ಜೋಪಾನವಾಗಿ ಇಟ್ಕೊಳ್ಳಿ.

ಕೇಳೋಕೆ ನಾಚಿಕೆಯಾದ್ರೆ ಫೋನಲ್ಲೇ ಕೇಳ್ಬಿಡಿ, ಕಾರು ನೋಡೋಕೆ ಹೋಗೋ ಮುಂಚೆನೇ. "ಬಿಲ್ ಇದೆಯಾ?" ಅಷ್ಟೇ. ಇಲ್ಲ ಅಂದ್ರೆ ಫೋನ್ ಇಡಿ. "ಮನೇಲಿ ಹುಡುಕ್ತೀನಿ" ಅಂದ್ರೆ ಹುಡುಕಿದ ಮೇಲೆ ಫೋನ್ ಮಾಡಿ ಅನ್ನಿ. "ಇನ್ನೊಬ್ರು ಸಂಜೆ ಅಡ್ವಾನ್ಸ್ ಕೊಡ್ತಿದಾರೆ" ಅಂದ್ರೆ ಕೊಡಲಿ ಬಿಡಿ! ಕಾರಿಗೇನು ಬರ ಬಂದಿಲ್ಲ. ಬಿಲ್ ಇರೋದು ಸಿಗೋವರೆಗೂ ಕಾಯಿರಿ.

ಇದನ್ನ ಒಪ್ಪದೋರು ಕೆಳಗೆ ಬರೀರಿ, ಒಂದೊಂದಕ್ಕೂ ಉತ್ತರ ಕೊಡ್ತೀನಿ. ಕಾರು ನೋಡ್ತಾ ಇರೋರು ಆ ಗಾಡಿಯ ಬಿಲ್‌ಗಳ ಫೋಟೋ ಕಳಿಸಿ. ಹೆಸರು, ಫೋನ್ ನಂಬರ್, ಗಾಡಿ ನಂಬರ್ ಮುಚ್ಚಿ ಕಳಿಸಿ. ಭಾನುವಾರದ ಲೈವ್‌ನಲ್ಲಿ ಒಟ್ಟಿಗೆ ಕೂತು ಓದೋಣ, ಏನು ಮಾಡಿಸಿದಾರೆ, ಏನು ಬಿಟ್ಟಿದಾರೆ ಅಂತ ನಾನೇ ಹೇಳ್ತೀನಿ. ಬಿಲ್ ಇಲ್ಲದ ಕಾರಿನ ಫೋಟೋ ಮಾತ್ರ ಕಳಿಸಬೇಡಿ, ನಾನು ನೋಡಲ್ಲ.